ಸಾಬಿರವ್ವನ ದಿನ್ನಿಗೆ ಹೆಸರು ಬಂದದ್ದು

ಮುತ್ತಲಹಾಳದಿಂದ ಹುಣಸಿಕೇರಿಗೆ ಹೋಗುವವರು ಈಗ ಬಸ್ಸು ಹತ್ತಿ, ಗುಡ್ಡವನ್ನು ದೂರದಿಂದಲೇ ಬಳಸಿಕೊಂಡು ಹೋಗುತ್ತಾರೆ. ಹನ್ನೊಂದು ಮೈಲಿ ಸುತ್ತಾದರೂ ಕಾಲಿಗೆ ಕೆಲಸವಿಲ್ಲ. ಹಳೆಯ ಕಾಲುದಾರಿ ಮೂರೇ ಮೈಲಿಯದು. ಆದರೆ ಅದು ಗುಡ್ಡವನ್ನು ನೆಟ್ಟಗೆ ಏರಿ, ನೆತ್ತಿಯ ಮೇಲಿನ ಬೋಳು ದಿನ್ನಿಯನ್ನು ದಾಟಿ, ಅಷ್ಟೇ ನೆಟ್ಟಗೆ ಆಚೆ ಇಳಿಯುತ್ತದೆ. ಏರುವಾಗ ಉಬ್ಬಸ, ಇಳಿಯುವಾಗ ಮೊಣಕಾಲು ನೋವು. ಎರಡೂ ಬೇಡವೆಂದು ಜನ ಆ ದಾರಿಯನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಅಲ್ಲಿ ಓಡಾಡುವವರೆಂದರೆ ಕುರಿ ಕಾಯುವವರು, ಸೀತಾಫಲದ ಕಾಲದಲ್ಲಿ ಹಣ್ಣು ಆರಿಸುವ ಹೆಂಗಸರು, ಇಷ್ಟೇ. ಸರ್ಕಾರದ ನಕಾಶೆಯಲ್ಲಿ ಆ ದಿನ್ನಿಗೆ ಬರೀ ಒಂದು ಸರ್ವೆ ನಂಬರು. ಎರಡೂ ಊರಿನವರ ಬಾಯಲ್ಲಿ ಮಾತ್ರ ಅದು ಸಾಬಿರವ್ವನ ದಿನ್ನಿ. ಹೆಸರು ಕೇಳಿ ಮೇಲೆ ಹತ್ತಿದ ಹೊಸಬರು ದರ್ಗಾ ಎಲ್ಲಿದೆ ಎಂದು ಹುಡುಕುತ್ತಾರೆ. ದರ್ಗಾ ಇಲ್ಲ. ಗೋರಿಯಿಲ್ಲ, ಹಸಿರು ಚಾದರವಿಲ್ಲ, ಉರುಸು ನಡೆಯುವುದಿಲ್ಲ. ಒಂದು ಬೇವಿನ ಮರ, ಅದರ ಪಕ್ಕ ಎರಡು ಕಂಬದ ಮೇಲೆ ಅಡ್ಡಕ್ಕೆ ಮಲಗಿಸಿದ ಒಂದು ಚಪ್ಪಟೆ ಕಲ್ಲು. ಇಷ್ಟಕ್ಕೆ ಈ ಏರು ಹತ್ತಬೇಕಿತ್ತೇ ಎಂದು ಗೊಣಗುತ್ತ ಅವರು ಇಳಿಯುತ್ತಾರೆ. ಅವರದೇನೂ ತಪ್ಪಲ್ಲ.

ಸಾಬಿರಾ ಎಂಬುದು ಅರಬ್ಬಿ ಹೆಸರು. ಸಬರ್ ಎಂದರೆ ತಾಳ್ಮೆ. ನಾವು ಅವಸರದವರಿಗೆ ‘ಸ್ವಲ್ಪ ಸಬೂರಿ ಇರಲಿ’ ಎನ್ನುತ್ತೇವಲ್ಲ, ಆ ಸಬೂರಿಯೂ ಅದೇ ಮನೆತನದ ಮಾತು. ಸಾಬಿರಾ ಎಂದರೆ ತಾಳಿಕೊಳ್ಳುವವಳು, ಬಂದದ್ದನ್ನು ಸಹಿಸಿ ನಿಲ್ಲುವವಳು. ಒಳ್ಳೆಯ ಹೆಸರು, ದೇವರು ಮೆಚ್ಚುವ ಗುಣ. ಬೇರೆ ಊರುಗಳಲ್ಲಿ ಹೆಮ್ಮೆಯಿಂದ ಇಡುತ್ತಾರೆ. ಈ ಎರಡು ಊರುಗಳಲ್ಲಿ ಮಾತ್ರ ಓಣಿ ಓಣಿ ತಿರುಗಿದರೂ ಆ ಹೆಸರಿನ ಒಬ್ಬ ಹೆಣ್ಣುಮಗಳು ಸಿಗುವುದಿಲ್ಲ. ಸಕೀನಾ ಇದ್ದಾಳೆ, ಜುಬೇದಾ ಇದ್ದಾಳೆ, ಮೂರು ಮನೆಗೊಬ್ಬಳು ಮೆಹಬೂಬಿ ಇದ್ದಾಳೆ. ಹೊರಗಿನಿಂದ ಸಾಬಿರಾ ಎಂಬ ಹೆಸರಿನ ಸೊಸೆ ಬಂದರೆ ಹೊಸ್ತಿಲು ದಾಟುವ ಮೊದಲೇ ಅತ್ತೆ ಆಕೆಗೆ ಬೇರೆ ಹೆಸರು ಇಟ್ಟು ಕರೆಯುತ್ತಾಳೆ. ಏಕೆಂದು ಕೇಳಿದರೆ, ‘ಅದು ದಿನ್ನೀದ ಹೆಸರು, ಮಂದೀದಲ್ಲ’ ಎನ್ನುತ್ತಾರೆ. ಹೆಚ್ಚು ಕೇಳಿದರೆ ಈ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ವಿಜಾಪುರದ ಬಾದಶಾಹಿ ಮುಗಿದು ಯಾರ ಆಳ್ವಿಕೆ ಎಂಬುದು ಯಾರಿಗೂ ಸರಿಯಾಗಿ ತಿಳಿಯದಿದ್ದ ಕಾಲದಲ್ಲಿ, ಮುತ್ತಲಹಾಳದಲ್ಲಿ ಬಳೆಯ ಭಟ್ಟಿಗಳಿದ್ದವಂತೆ. ಭಟ್ಟಿಯ ಮುಂದೆ ಕೂತು ಗಾಜು ಕರಗಿಸಿ ಬಳೆ ತಿರುವುವುದು ಮಣಿಯಾರ ಗಂಡಸರ ಕೆಲಸ. ಅದನ್ನು ಹೊತ್ತು ಊರೂರು ತಿರುಗಿ ಹೆಂಗಸರ ಕೈಗೆ ಏರಿಸುವುದು ಅವರ ಮನೆಯ ಹೆಂಗಸರ ಕೆಲಸ. ಅಂಥ ಒಂದು ಮನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಕೂಸಿನ ತಂದೆ ಎರಡಕ್ಷರ ಅರಬ್ಬಿ ಓದಿಕೊಂಡವನು, ಓದಿದ್ದೇನೆ ಎಂಬುದನ್ನು ಯಾರೂ ಮರೆಯಬಾರದು ಎನ್ನುವ ಸ್ವಭಾವದವನು. ಏಳನೆಯ ದಿನ ಆತ ಸಾಬಿರಾ ಎಂದು ಹೆಸರಿಟ್ಟ. ಹತ್ತನೆಯ ದಿನಕ್ಕೆ ಕೂಸಿಗೆ ಜ್ವರ. ಜ್ವರ ಬಿಟ್ಟರೆ ವಾಂತಿ, ವಾಂತಿ ನಿಂತರೆ ರಚ್ಚೆ. ಕೂಸಿನ ಅಜ್ಜಿ ಕೈಯಲ್ಲಿ ಹಿಡಿದು ನೋಡಿ, ‘ಹೆಸರು ಭಾರ ಆಗೇತಿ’ ಎಂದಳು.

ನಮ್ಮ ಕಡೆಯ ಮುಸಲ್ಮಾನರ ಮನೆಗಳಲ್ಲಿ ಈ ಮಾತು ಇಂದಿಗೂ ಇದೆ. ಹೆಸರಿಟ್ಟ ಮೇಲೆ ಮಗು ಮೇಲಿಂದ ಮೇಲೆ ಕಾಯಿಲೆ ಬಿದ್ದರೆ, ಆ ಹೆಸರು ಅದರ ಮೈಗೆ ಭಾರವಾಯಿತೆಂದು ತಿಳಿದು, ಹಗುರಾದ ಇನ್ನೊಂದು ಹೆಸರು ಇಡುತ್ತಾರೆ. ಸಾಬಿರಾ ಎಂಬ ಹೆಸರಿನ ಬಗ್ಗೆ ಮುದುಕಿಯರಿಗೆ ವಿಶೇಷ ಅಂಜಿಕೆ: ತಾಳ್ಮೆ ಬೇಡಿಕೊಂಡರೆ, ತಾಳಿಕೊಳ್ಳಬೇಕಾದದ್ದೂ ಅದರ ಬೆನ್ನಿಗೇ ಬರುತ್ತದೆ ಎನ್ನುತ್ತಿದ್ದರು. ಇನ್ನು ಈ ಎರಡು ಊರುಗಳಲ್ಲಿ ಒಂದು ಹೆಚ್ಚಿನ ರೂಢಿಯಿತ್ತು. ಅದು ಯಾವ ಕಿತಾಬಿನಲ್ಲಿಯೂ ಇಲ್ಲ. ಇಳಿಸಿದ ಹೆಸರನ್ನು ಸುಮ್ಮನೆ ನೆಲಕ್ಕೆ ಬಿಡುವಂತಿಲ್ಲ. ಯಾರಾದರೂ ಒಬ್ಬರು ‘ಅದು ನನಗಿರಲಿ’ ಎಂದು ತಮ್ಮ ಹೆಸರಿನ ಜೊತೆಗೆ ಹೊತ್ತುಕೊಳ್ಳಬೇಕು. ಆಗಲೇ ಕೂಸು ಹಗುರಾಗುವುದು. ಆ ಅಜ್ಜಿ, ‘ನನಗಿರಲಿ, ಹೆಂಗೂ ನನ್ನ ದಿನ ಮುಗದಾವು’ ಎಂದು ಸೆರಗೊಡ್ಡಿ ನಿಂತಿದ್ದಳು. ಮಗ ಒಪ್ಪಲಿಲ್ಲ. ತಾನಿಟ್ಟ ಹೆಸರನ್ನು ಅಕ್ಷರ ಬಾರದ ಮುದುಕಿಯ ಮಾತಿಗೆ ತೆಗೆಯುವುದೆಂದರೇನು ಎಂದು ರೇಗಿದ. ಕೂಸು ಹೇಗೋ ಬದುಕಿಕೊಂಡಿತು. ನೋಡಿದಿರಾ, ತಾಳಿಕೊಂಡಿತು ಎಂದು ಆತ ಊರೆಲ್ಲ ಹೇಳಿಕೊಂಡು ಬಂದ.

ಅಲ್ಲಿಂದ ಮುಂದೆ ಸಾಬಿರಾಳ ಬದುಕು ಆ ಒಂದು ಮಾತಿನ ಮೇಲೆಯೇ ನಡೆಯಿತು. ಆಕೆ ಬೆಳೆದು ಕುಳ್ಳಗಿನ, ಗಟ್ಟಿ ಕತ್ತಿನ ಹೆಂಗಸಾದಳು. ಅತ್ತೆಯ ಮನೆಯವರು ಬೇರೆ ಮೂರು ಹುಡುಗಿಯರನ್ನು ಬಿಟ್ಟು ಈಕೆಯನ್ನು ಆರಿಸಿದ್ದೇ ಹೆಸರು ನೋಡಿ: ಮನೆಯಲ್ಲಿ ಹಾಸಿಗೆ ಹಿಡಿದ ಮಾವ, ಬಾಯಿ ಜೋರಿನ ಅತ್ತೆ, ಸಾಬಿರಾ ಎಂಬವಳೇ ಸರಿ ಎಂದುಕೊಂಡರು. ನಾಲ್ಕು ಮಕ್ಕಳನ್ನು ಹೆತ್ತಳು, ಮೂರನ್ನು ಮಣ್ಣಿಗೆ ಕೊಟ್ಟಳು. ಮೂರು ಸಲವೂ ಓಣಿಯ ಹೆಂಗಸರು ಬಂದು ಸುತ್ತ ಕೂತು, ‘ನೀ ಅಳಬ್ಯಾಡ ಸಾಬಿರಾ, ನಿನ್ನ ಹೆಸರು ಏನಂತ ನೆನಸಿಕೊ’ ಎಂದರು. ಮೊದಲನೆಯ ಸಲ ಆಕೆಗೆ ಸಿಟ್ಟು ಬಂದಿತ್ತು. ಮೂರನೆಯ ಸಲಕ್ಕೆ ಸಿಟ್ಟೂ ಬರಲಿಲ್ಲ. ಗಂಡ ಸತ್ತಾಗ ಯಾರೂ ಏನೂ ಹೇಳಲಿಲ್ಲ. ಅಳುವುದಿಲ್ಲವೆಂದು ಅವರಿಗೆ ಆಗಲೇ ಖಾತ್ರಿಯಾಗಿತ್ತು. ಎದುರುಮನೆಯ ಮುದುಕಿಯ ಗಂಜಿ, ಪಕ್ಕದವರ ಬಾಣಂತನ, ಮಳೆಗಾಲದಲ್ಲಿ ಯಾರೂ ಹೋಗಲೊಲ್ಲದ ಹಳ್ಳಿಗಳ ತಿರುಗಾಟ, ಎಲ್ಲವೂ ಸರತಿ ತಪ್ಪಿ ಆಕೆಯ ಬಾಗಿಲಿಗೇ ಬರುತ್ತಿದ್ದವು. ಊರ ಜನ ಕೆಟ್ಟವರೇನಲ್ಲ. ಎದುರಿಗೊಂದು ಗಟ್ಟಿ ಗೂಟ ಇದ್ದರೆ ಎಲ್ಲರೂ ಅದಕ್ಕೇ ಎಮ್ಮೆ ಕಟ್ಟುತ್ತಾರೆ, ಅಷ್ಟೆ.

ಬಳೆಗಾರ್ತಿಯರು ಒಂಟಿಯಾಗಿ ಗುಡ್ಡ ಹತ್ತುವ ರೂಢಿಯಿರಲಿಲ್ಲ. ದಾರದಲ್ಲಿ ಪೋಣಿಸಿದ ಬಳೆಗಳ ಗೊಂಚಲಿಗೆ ಮಲಾರ ಎನ್ನುತ್ತಾರೆ. ದೊಡ್ಡ ಬುಟ್ಟಿಗೆ ಹುಲ್ಲು ಹಾಸಿ, ಮಲಾರದ ಮೇಲೆ ಮಲಾರ ಇಟ್ಟು, ತಲೆಯ ಮೇಲೆ ಹೊತ್ತರೆ ಒಬ್ಬ ಹೆಂಗಸಿನ ಕತ್ತು ತಡೆಯುವಷ್ಟೂ ಭಾರ. ಆ ಬುಟ್ಟಿಯನ್ನು ಹೊತ್ತವಳು ತಾನೊಬ್ಬಳೇ ಕೆಳಗಿಳಿಸುವಂತಿಲ್ಲ. ಒಂದು ಕೈ ಜಾರಿದರೆ ತಿಂಗಳ ದುಡಿಮೆ ಚೂರು. ಎದುರಿಗೆ ಇನ್ನೊಬ್ಬಳು ನಿಂತು ಎರಡೂ ಕೈಯಿಂದ ಹಿಡಿಯಬೇಕು. ಅದಕ್ಕೇ ಜೋಡಿಯಾಗಿ ಹೋಗುವರು. ಸಾಬಿರಾಳ ಜೋಡಿ ಅವಳ ನಾದಿನಿಯಾಗಿದ್ದಳು. ನಾದಿನಿ ತೀರಿಕೊಂಡ ಮೇಲೆ ಇನ್ನೊಬ್ಬಳನ್ನು ಜೊತೆ ಹಾಕೋಣವೇ ಎಂಬ ಮಾತು ಭಟ್ಟಿಯ ಮುಂದೆ ಬಂತಂತೆ. ‘ಆಕೀಗೇನಾಗ್ತೈತಿ, ಸಾಬಿರಾ ಇದ್ದಾಳ, ತಡಕೋತಾಳ’ ಎಂದು ಅಲ್ಲಿಗೇ ಮುಗಿಯಿತು. ದಿನ್ನಿಯ ಮೇಲೆ ಆಗಲೂ ಒಂದು ಹೊರೆಗಲ್ಲು ಇತ್ತು. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಸರಿಸಿ ಇಟ್ಟು ಸುಧಾರಿಸಿಕೊಳ್ಳಲೆಂದು ಯಾವನೋ ಪುಣ್ಯಾತ್ಮ ನಿಲ್ಲಿಸಿದ್ದು. ಆದರೆ ಅದು ಉಪ್ಪಿನ ಚೀಲ ಹೊರುವ ಆಳುಗಳ ಎತ್ತರಕ್ಕೆ ನಿಲ್ಲಿಸಿದ್ದು. ಸಾಬಿರಾಳ ಬುಟ್ಟಿಯ ತಳಕ್ಕಿಂತ ಗೇಣು ಮೇಲೆ. ಹನ್ನೆರಡು ವರ್ಷ ಆಕೆ ಆ ಕಲ್ಲಿನ ಕಂಬಕ್ಕೆ ಬೆನ್ನು ತಾಗಿಸಿ, ಹೊರೆ ತಲೆಯ ಮೇಲಿದ್ದಂತೆಯೇ ನಿಂತು ಉಸಿರು ತೆಗೆದುಕೊಂಡು, ಮತ್ತೆ ಇಳಿದು ಹೋಗುತ್ತಿದ್ದಳು.

ಉಳಿದ ಒಬ್ಬನೇ ಮಗ ಮಕ್ತುಮಸಾಬ. ಒಳ್ಳೆಯವನು, ತಾಯಿಯೆಂದರೆ ಜೀವ. ಅವನ ಹೆಂಡತಿ ಜೈತೂನಬಿ ಚೊಚ್ಚಲ ಹೆರಿಗೆಗೆ ತವರಿಗೆ, ಹುಣಸಿಕೇರಿಗೆ, ಹೋಗಿದ್ದಳು. ಹೆಣ್ಣುಕೂಸು ಹುಟ್ಟಿತು. ಏಳನೆಯ ದಿನ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೆಸರಿಡುವುದೆಂದು ಗೊತ್ತಾಯಿತು. ಮಕ್ತುಮ ಓಣಿಯ ಹೆಂಗಸರನ್ನು ಕರೆದುಕೊಂಡು ಹಿಂದಿನ ದಿನವೇ ಗುಡ್ಡ ದಾಟಿ ಹೋದ. ಸಾಬಿರಾ ಮಾರನೆಯ ಬೆಳಿಗ್ಗೆ ಹೊರಡಬೇಕು. ಹುಣಸಿಕೇರಿಯ ಗಾಣಿಗರ ಮನೆಯಲ್ಲಿ ಮದುವೆ, ಮದುಮಗಳಿಗೂ ಬಳಗಕ್ಕೂ ಹಸಿರು ಬಳೆ ಬೇಕಾಗಿದ್ದವು. ಹೇಗೂ ಹೋಗುತ್ತಿದ್ದೀ, ಹೊತ್ತುಕೊಂಡೇ ಹೋಗು ಎಂದರು. ಆಕೆ ಹೂಂ ಎಂದಳು. ಬೇರೆ ಏನೆಂದಾಳು? ಬುಟ್ಟಿ ತಲೆಗೆ ಏರಿಸಿಕೊಡುವಾಗ ಭಟ್ಟಿಯ ಹಿರಿಯ ನಬೀಸಾಬ ನಗುತ್ತ, ‘ಸಂತೋಷದ ಸುದ್ದಿ ಐತಿ ಬೇ. ಮಕ್ತುಮ ಕೂಸಿಗೆ ನಿನ್ನ ಹೆಸರಽ ಇಡ್ತಾನಂತ. ನಿನಗ ಹೇಳಬ್ಯಾಡ ಅಂದಿದ್ದ, ನನ್ನ ಬಾಯಾಗ ನಿಲ್ಲಲಿಲ್ಲ ನೋಡು’ ಎಂದ.

ಸಾಬಿರಾ ನಗಲಿಲ್ಲ. ತಲೆಯ ಮೇಲೆ ಭಾರವಿದ್ದುದರಿಂದ ನಗಲಿಲ್ಲವೆಂದು ನಬೀಸಾಬ ಅಂದುಕೊಂಡನೇನೋ. ಅಜ್ಜಿಯ ಹೆಸರು ಮೊಮ್ಮಗಳಿಗೆ ಇಡುವುದು ಮರ್ಯಾದೆಯ ಸಂಗತಿ. ಅದನ್ನು ಬೇಡ ಎಂದ ಅಜ್ಜಿ ಆವರೆಗೆ ಹುಟ್ಟಿರಲಿಲ್ಲ. ಆದರೆ ಊರು ದಾಟಿ ಏರು ಶುರುವಾಗುವ ಹೊತ್ತಿಗೆ ಆಕೆಗೆ ಒಂದೇ ಒಂದು ತಿಳಿದಿತ್ತು: ಆ ಕೂಸಿಗೆ ಆ ಹೆಸರು ಬೀಳಬಾರದು. ಏಳು ದಿನದ ಕೂಸು. ಇನ್ನೂ ಕತ್ತು ನಿಂತಿಲ್ಲ. ಅದರ ಮೇಲೆ ಆ ಹೆಸರು ಇಟ್ಟರೆ, ನಾಳೆಯಿಂದ ಅದು ಅತ್ತರೆ ‘ಸಾಬಿರಾ ಆಗಿ ಅಳ್ತೀಯಾ’ ಎನ್ನುತ್ತಾರೆ. ಹತ್ತು ವರ್ಷಕ್ಕೆ ಅದರ ಕಂಕುಳಿಗೆ ಯಾರದೋ ಕೂಸು ಬರುತ್ತದೆ. ಇಪ್ಪತ್ತಕ್ಕೆ ಯಾರೂ ಒಲ್ಲದ ಮನೆ ಇದರ ಪಾಲಿಗೆ ಬರುತ್ತದೆ. ಮಕ್ತುಮನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತಾನು ಎಂದೂ ಬಾಯಿಬಿಟ್ಟು ಹೇಳಿಲ್ಲ. ತಾಯಿಗೆ ನೋವಾಗುತ್ತದೆ ಎಂಬುದೇ ಅವನಿಗೆ ತಿಳಿಯದು. ಈಗ ಹೋಗಿ, ಜನರ ಮುಂದೆ, ನನಗೆ ಸಾಕಾಗಿದೆ ಎಂದು ಹೇಳಬೇಕು. ಅರವತ್ತು ವರ್ಷ ಆಡದ ಮಾತು ನಾಲಿಗೆಗೆ ಬರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಆಕೆ ಏರು ಹತ್ತಿದಳು.

ಅಂದು ದಿನ್ನಿಯ ಮೇಲೆ ವಡ್ಡರು ಬೀಸುಕಲ್ಲಿಗೆ ಬಂಡೆ ಒಡೆಯುತ್ತಿದ್ದರು. ಗಂಡಸರು ಆಚೆ ಬದಿಯಲ್ಲಿದ್ದರು. ಈಚೆಗೆ ಒಬ್ಬಳೇ ಮುದುಕಿ, ತಿಮ್ಮಕ್ಕ ಎಂಬವಳು, ಬೇವಿನ ನೆರಳಲ್ಲಿ ಕೂತು ಉಳಿ ಹದ ನೋಡುತ್ತಿದ್ದಳು. ಸಾಬಿರಾ ಎಂದಿನಂತೆ ಹೊರೆಗಲ್ಲಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಾಗ ತಿಮ್ಮಕ್ಕ ತಲೆಯೆತ್ತಿ ನೋಡಿ, ಉಳಿ ಕೆಳಗಿಟ್ಟು ಎದ್ದು ಬಂದಳು.

‘ಇಳಸ್ಲೇನವ್ವಾ?’ ಎಂದಳು.

‘ಬ್ಯಾಡವ್ವ, ತಡಕೋತೀನಿ.’

ಯೋಚಿಸಿ ಆಡಿದ ಮಾತಲ್ಲ ಅದು. ಕೆಮ್ಮು ಬಂದಂತೆ ಬಂದುಬಿಟ್ಟಿತು. ತಿಮ್ಮಕ್ಕ ಸರಿ ಎಂದು ತಿರುಗಿ ಹೋದಳು. ಸಾಬಿರಾ ಹತ್ತು ಹೆಜ್ಜೆ ನಡೆದಳು. ಮುಂದೆ ಇಳುಕಲು. ಆಕೆ ಅಲ್ಲಿ ನಿಂತಳು. ಹನ್ನೆರಡು ವರ್ಷದಲ್ಲಿ ಆ ದಿನ್ನಿಯ ಮೇಲೆ ಒಬ್ಬರು ಕೇಳಿದ್ದರು. ಕೇಳಿದವಳಿಗೆ ತನ್ನ ಹೆಸರೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಕೇಳಿದಳು. ಬೇಡ ಎಂದು ಅವಳನ್ನು ಕಳಿಸಿದ್ದು ಮಾತ್ರ ತಾನೇ. ಇವಳೊಬ್ಬಳ ಮುಂದೆ ಹೇಳಲಾಗದವಳು ಹುಣಸಿಕೇರಿಯ ಜನರ ಮುಂದೆ ಏನು ಹೇಳಿಯಾಳು? ಸಾಬಿರಾ ಹಿಂದಕ್ಕೆ ಬಂದು ನಿಂತಳು.

‘ಇಳಸವ್ವ’ ಎಂದಳು.

ಬುಟ್ಟಿ ನೆಲಕ್ಕೆ ಬಂತು. ಸಾಬಿರಾ ಅದರ ಪಕ್ಕದಲ್ಲಿ ಕೂತಳು. ತಿಮ್ಮಕ್ಕ ಕೊಟ್ಟ ನೀರು ಕುಡಿದಳು. ಒಂದು ಚಣ ಕೂತು ಏಳೋಣ ಎಂದುಕೊಂಡಿದ್ದಳು, ಮೈ ಕೇಳಲಿಲ್ಲ. ಕತ್ತಿನ ಮೇಲೆ ಭಾರವಿಲ್ಲದೆ ಗುಡ್ಡದ ಮೇಲೆ ಕೂತರೆ ಹೇಗಿರುತ್ತದೆ ಎಂಬುದೇ ಆಕೆಗೆ ಮರೆತುಹೋಗಿತ್ತು. ಗಾಳಿ ಬೀಸುತ್ತಿತ್ತು. ಕೆಳಗೆ ಹುಣಸಿಕೇರಿಯ ಮಾಳಿಗೆಗಳು ಕಾಣುತ್ತಿದ್ದವು. ಇನ್ನೊಂದು ಚಣ ಎಂದುಕೊಂಡಳು. ಯಾಕೆಂದು ತಿಳಿಯದೆಯೇ ಕಣ್ಣೀರು ಬರತೊಡಗಿತು. ಮೂರು ಮಕ್ಕಳಿಗೆ ಬಾರದಿದ್ದದ್ದು, ಗಂಡನಿಗೆ ಬಾರದಿದ್ದದ್ದು, ನಾದಿನಿಗೆ ಬಾರದಿದ್ದದ್ದು, ಎಲ್ಲ ಒಟ್ಟಿಗೆ. ತಿಮ್ಮಕ್ಕ ಪಕ್ಕದಲ್ಲಿ ಕೂತು ತನ್ನ ಉಳಿ ತಿಕ್ಕುತ್ತಿದ್ದಳು. ಅತ್ತು ಮುಗಿದ ಮೇಲೆ ಸಾಬಿರಾಗೆ ಕಣ್ಣು ಹತ್ತಿತು. ಎಚ್ಚರವಾದದ್ದು ಕೆಳಗಿನ ಮಸೀದಿಯಿಂದ ಕೂಗು ಬಂದಾಗ. ಮಧ್ಯಾಹ್ನದ ನಮಾಜು. ಆಕೆ ಧಡಕ್ಕನೆ ಎದ್ದಳು. ಜೀವಮಾನದಲ್ಲಿ ಒಂದು ಸಲ ದಣಿವಾರಿಸಿಕೊಂಡದ್ದಕ್ಕೆ ಕೂಸಿನ ಕೊರಳಿಗೆ ಹೆಸರು ಬೀಳುವ ಹೊತ್ತಾಗಿತ್ತು. ಬುಟ್ಟಿಯನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ, ಬೀಳುತ್ತ ಏಳುತ್ತ ಆಕೆ ಇಳುಕಲು ಇಳಿದಳು.

ಬೀಗರ ಮನೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೂಸಿನ ತಲೆ ಬೋಳಿಸಿ ಗಂಧ ಹಚ್ಚಿದ್ದರು. ಹುಣಸಿಕೇರಿಯ ಮುಲ್ಲಾ ದಸ್ತಗೀರಸಾಬ ಹೆಸರು ಹೇಳಿ ದುವಾ ಮಾಡಿ, ಬಾಯಿಗೆ ಖರ್ಜೂರ ಹಾಕಿಕೊಂಡಿದ್ದ. ತಾಯಿಯನ್ನು ಕಂಡು ಮಕ್ತುಮ ಓಡಿ ಬಂದು ಕೂಸನ್ನು ಅವಳ ಕೈಗಿಟ್ಟು, ‘ನೋಡಮ್ಮಾ, ಇನ್ನೊಬ್ಬಾಕಿ ಸಾಬಿರಾ’ ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಸಾಬಿರಾ ಕೂಸನ್ನು ನೋಡಿದಳು. ಕೂಸು ಆಕಳಿಸಿತು.

‘ತಗೀರಿ’ ಎಂದಳು ಸಾಬಿರಾ. ‘ಈ ಹೆಸರು ಇಳಸ್ರಿ.’

ಮಕ್ತುಮನಿಗೆ ಅರ್ಥವಾಗಲಿಲ್ಲ. ‘ನಿನ್ನ ಹೆಸರಮ್ಮಾ ಅದು. ನಿನ್ನ ಮಾನಕ್ಕಂತ ಇಟ್ಟೀನಿ.’

‘ಗೊತ್ತೈತಪಾ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನನಗ ಸಾಕಾಗೇತಿ, ಮಕ್ತುಮ. ಭಾಳ ಸಾಕಾಗೇತಿ. ಎಲ್ಲಾರೂ ಹೆಸರ ಹಿಡಿದು ನನ್ನ ಮ್ಯಾಲ ಹೊರಿಸಿದ್ರಿ, ನಾನೂ ಹೆಸರ ಸಲುವಾಗಿ ಹೊತ್ತೆ. ಇದರ ಮ್ಯಾಲ ಹೊರಿಸಬ್ಯಾಡ್ರಿ.’

ಮಕ್ತುಮ ತಾಯಿಯನ್ನು ಆವತ್ತೇ ಮೊದಲು ನೋಡುತ್ತಿರುವವನಂತೆ ನೋಡಿದ. ಆಮೇಲೆ ತಲೆ ತಗ್ಗಿಸಿ, ‘ಮುಲ್ಲಾಸಾಬ್, ಇಳಸ್ರಿ’ ಎಂದ. ದಸ್ತಗೀರಸಾಬ ವಯಸ್ಸಾದವನು, ನಿಧಾನಸ್ಥ. ಹೆಸರಿನಲ್ಲಿ ದೋಷವಿಲ್ಲ, ತಾಳ್ಮೆ ದೊಡ್ಡ ಗುಣ ಎಂದು ಮೊದಲು ಹೇಳಿದ, ಹೇಳಲೇಬೇಕಿತ್ತು. ಆಮೇಲೆ, ‘ಆದ್ರ ಒಬ್ಬರ ತಾಳ್ಮಿ ಮ್ಯಾಲ ಹತ್ತು ಮಂದಿ ಕುಂತು ತಿನ್ನಾದು ಗುಣ ಅಲ್ಲ’ ಎಂದ. ಇಳಿಸಬಹುದು, ಅಡ್ಡಿಯಿಲ್ಲ, ಊರ ರೂಢಿಯಂತೆ ಯಾರಾದರೊಬ್ಬರು ನನಗಿರಲಿ ಎನ್ನಬೇಕು. ಆತ ಕೂತಿದ್ದವರ ಕಡೆ ತಿರುಗಿದ.

ಅಲ್ಲಿ ನೆರೆದವರಲ್ಲಿ ಎರಡೂ ಊರಿನವರಿದ್ದರು. ಸಾಬಿರಾಳ ಮೂರು ಮಕ್ಕಳ ಸಾವಿಗೆ ಬಂದು ಅಳಬೇಡ ಎಂದವರಿದ್ದರು. ಹೆಸರೆಂದರೆ ಹೀಗಿರಬೇಕು, ಇದ್ದರೆ ಸಾಬಿರಾಳಂತೆ ಇರಬೇಕು ಎಂದು ತಮ್ಮ ಸೊಸೆಯಂದಿರಿಗೆ ಪಾಠ ಹೇಳಿದವರಿದ್ದರು. ಮುಲ್ಲಾ ಒಬ್ಬೊಬ್ಬರ ಮುಖ ನೋಡಿದ. ಒಬ್ಬಳು ತನಗೆ ಸೊಂಟನೋವು ಎಂದಳು. ಒಬ್ಬಳು ತನ್ನ ಗಂಡನನ್ನು ಕೇಳಬೇಕು ಎಂದಳು. ಒಬ್ಬಳು ಮಗುವಿಗೆ ಹಾಲು ಕುಡಿಸುವ ನೆವದಲ್ಲಿ ಗೋಡೆಗೆ ಮುಖ ಮಾಡಿದಳು. ಮಕ್ತುಮ ನನಗಿರಲಿ ಎಂದು ಮುಂದೆ ಬಂದ. ಹೆಣ್ಣಿನ ಹೆಸರು ಗಂಡು ಹೊರುವ ರೂಢಿಯಿಲ್ಲವೆಂದು ಹಿಂದಕ್ಕೆ ಕೂರಿಸಿದರು. ಕಡೆಗೆ ಬೀಗಿತ್ತಿ ಮೆಲ್ಲಗೆ, ‘ಅಕ್ಕಾ, ನಿನ್ನದಽ ಹೆಸರು. ನಿನ್ನ ಹತ್ತಿರನ ಇರಲಿ ಬಿಡು, ನಿನಗ ರೂಢಿ ಐತಿ’ ಎಂದಳು.

ಸಾಬಿರಾ ಅವಳ ಕಡೆ ನೋಡಿ, ‘ನಾನೂ ಇಳಸಾಕಽ ಬಂದೀನಿ’ ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ತಿಮ್ಮಕ್ಕ ನಿಂತಿದ್ದಳು. ಬಿಟ್ಟುಹೋದ ಬುಟ್ಟಿಯನ್ನು ತಾನೇ ಹೊತ್ತು, ಅಪ್ಪಿ ತಪ್ಪಿ ಒಂದು ಬಳೆಯೂ ಒಡೆಯದಂತೆ ತಂದು, ಹಸಿರು ಬಳೆ ಕಂಡು ಮದುವೆಯ ಮನೆ ಯಾವುದೆಂದು ಕೇಳಿ ಗಾಣಿಗರಲ್ಲಿ ಇಳಿಸಿ, ಹೇಳಿ ಹೋಗೋಣವೆಂದು ಬಂದವಳು. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಕಲ್ಲಿನ ಕೆಲಸದವರ ಬಾಯಿ ಸ್ವಲ್ಪ ಒರಟು. ‘ಇಷ್ಟು ಮಂದ್ಯಾಗ ಒಬ್ಬಾಕಿಗೂ ಕತ್ತಿಲ್ಲೇನ್ರೇ? ನಮ್ಮ ದಿನ್ನೀ ಮ್ಯಾಲಿನ ಕಲ್ಲಿಗೆ ಇಡ್ರಿ. ಅದಕ್ಕ ಹೊರೂದ ಕೆಲಸ’ ಎಂದಳು.

ಕೆಲವರು ನಕ್ಕರು. ಮುಲ್ಲಾ ನಗಲಿಲ್ಲ. ಹಿರಿಯರು ಒಂಟೆಗೆ ಹೆಸರಿಟ್ಟಿದ್ದಾರೆ, ಬಾವಿಗೆ ಇಟ್ಟಿದ್ದಾರೆ, ಗುಡ್ಡಕ್ಕೂ ಇಟ್ಟಿದ್ದಾರೆ. ಕಲ್ಲಿಗೆ ಕೈ ಮುಗಿಯಬಾರದು, ದೀಪ ಹಚ್ಚಬಾರದು, ಹರಕೆ ಹೊರಬಾರದು. ಅಷ್ಟು ಪಾಲಿಸಿದರೆ ಸಾಕು, ಹೆಸರು ಇಡಬಾರದು ಎಂದು ಎಲ್ಲಿಯೂ ಇಲ್ಲ ಎಂದ. ಅದೇ ಇಳಿಹೊತ್ತಿಗೆ ಅವರೆಲ್ಲ ಏರು ಹತ್ತಿದರು. ಬಾಣಂತಿ ಬರುವಂತಿರಲಿಲ್ಲ; ಮಕ್ತುಮ ಕೂಸನ್ನು ಎತ್ತಿಕೊಂಡಿದ್ದ. ಸಾಬಿರಾ ಕೈ ಬೀಸಿಕೊಂಡು ನಡೆದಳು, ಹೊರೆಯಿಲ್ಲದೆ ಆ ದಾರಿ ಹತ್ತಿದ್ದು ಅದೇ ಮೊದಲು. ದಿನ್ನಿಯ ಮೇಲೆ ಮುಲ್ಲಾ ಕೂಸಿನ ಪರವಾಗಿ ಒಮ್ಮೆ, ಅಜ್ಜಿಯ ಪರವಾಗಿ ಒಮ್ಮೆ ಆ ಹೆಸರನ್ನು ಹೇಳಿ, ಇನ್ನು ಇದು ಈ ದಿನ್ನಿಯದು ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಕೂಸಿಗೆ ಬೇರೆ ಹೆಸರು ಏನಿಡೋಣ ಎಂದು ಕೇಳಿದಾಗ ಸಾಬಿರಾ, ‘ಅರ್ಥ ಇಲ್ಲದ್ದು ಯಾವುದಾರ ಐತೇನ್ರಿ?’ ಎಂದಳಂತೆ. ಅಂಥ ಹೆಸರು ಇಲ್ಲ, ಎಲ್ಲ ಹೆಸರಿಗೂ ಒಂದು ಅರ್ಥ ಇದ್ದೇ ಇರುತ್ತದೆ ಎಂದು ಮುಲ್ಲಾ ಹೇಳಿದ. ಹಾಗಾದರೆ ಅವಸರವಿಲ್ಲ, ಇನ್ನಷ್ಟು ದಿನ ಹಾಗೇ ಇರಲಿ ಎಂದು ಆಕೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೇವಿನ ಕೆಳಗೆ ಕೂತಳು. ಹೊತ್ತಾಯಿತು, ಏಳು ಎಂದು ಅಂದು ಯಾರೂ ಅನ್ನಲಿಲ್ಲ.

ಆಮೇಲೆ ಆಕೆ ಆರೇಳು ವರ್ಷ ಬದುಕಿದ್ದಳು ಎನ್ನುತ್ತಾರೆ. ಬಳೆ ಹೊರುವುದನ್ನು ಬಿಟ್ಟಳು. ಕೆಲಸ ಹೇಳಲು ಬಂದವರು ಕರೆಯುವುದಕ್ಕೆ ಬಾಯಿ ತೆರೆದು, ಏನೆಂದು ಕರೆಯಬೇಕೆಂದು ತಿಳಿಯದೆ ಅರ್ಧಕ್ಕೆ ನಿಂತು, ಹಾಗೆಯೇ ವಾಪಸು ಹೋಗುತ್ತಿದ್ದರಂತೆ. ಇದನ್ನು ಹೇಳುವಾಗ ಊರ ಹೆಂಗಸರು ಇಂದಿಗೂ ನಗುತ್ತಾರೆ. ಆಕೆಯ ಗೋರಿ ಮುತ್ತಲಹಾಳದ ಕಬರಸ್ತಾನದಲ್ಲಿ ಉಳಿದವರ ನಡುವೆ ಎಲ್ಲೋ ಇದೆ. ಹೆಸರಿಲ್ಲದ್ದರಿಂದ ತೋರಿಸಲು ಬರುವುದಿಲ್ಲ. ತಿಮ್ಮಕ್ಕನ ಮಂದಿ ಗುಡ್ಡ ಬಿಟ್ಟು ಹೋಗುವ ಮೊದಲು ಹೊರೆಗಲ್ಲಿನ ಕಂಬಗಳನ್ನು ಒಂದೂವರೆ ಗೇಣು ಕಡಿದು ತಗ್ಗಿಸಿದರು. ಈಗ ಅಲ್ಲಿಗೆ ಹೋದವರು ನೋಡಬಹುದು: ಈ ಸೀಮೆಯ ಬೇರೆ ಎಲ್ಲ ಹೊರೆಗಲ್ಲುಗಳಿಗಿಂತ ಅದು ಗಿಡ್ಡ. ಗಂಡಸರು ಹೊರೆ ಇಡಬೇಕಾದರೆ ಮಂಡಿ ಬಗ್ಗಿಸಬೇಕು. ಕುಂಕುಮವಿಲ್ಲ, ಚಾದರವಿಲ್ಲ, ಆ ಮುಲ್ಲಾನ ಮಾತನ್ನು ಜನ ಅಷ್ಟರ ಮಟ್ಟಿಗೆ ಉಳಿಸಿಕೊಂಡು ಬಂದಿದ್ದಾರೆ.

ಈಗಲೂ ವರ್ಷಕ್ಕೆ ಒಂದೆರಡು ಸಲ ಯಾರಾದರೂ ಕಾಯಿಲೆಯ ಕೂಸನ್ನು ಎತ್ತಿಕೊಂಡು ಆ ಏರು ಹತ್ತುತ್ತಾರೆ. ಮುಸಲ್ಮಾನರಷ್ಟೇ ಅಲ್ಲ, ಎಲ್ಲ ಜಾತಿಯವರೂ. ಕೂಸಿಗಿಟ್ಟ ಹೆಸರನ್ನು ಆ ಕಲ್ಲಿನ ಮುಂದೆ ಒಮ್ಮೆ ಹೇಳಿ, ತುಸು ಹೊತ್ತು ಬೇವಿನ ಕೆಳಗೆ ಕೂತು, ಹೆಸರಿಲ್ಲದ ಕೂಸಿನೊಂದಿಗೆ ಇಳಿದು ಬರುತ್ತಾರೆ. ನೋಡಲು ಬಂದ ಪರಊರಿನವರು ಕಥೆಯನ್ನೆಲ್ಲ ಕೇಳಿದ ಮೇಲೆ, ಹಾಗಾದರೆ ಆ ಮೊಮ್ಮಗಳಿಗೆ ಕೊನೆಗೆ ಏನು ಹೆಸರಿಟ್ಟರು ಎಂದು ತಪ್ಪದೆ ಕೇಳುತ್ತಾರೆ. ಹುಣಸಿಕೇರಿಯ ಹಿರಿಯರಿಗೆ ಅದು ಗೊತ್ತಿಲ್ಲ. ಮುತ್ತಲಹಾಳದವರಿಗೂ ಗೊತ್ತಿಲ್ಲ. ‘ಏನೋ ಒಂದು ಇಟ್ಟಿರಬೇಕ್ರಿ’ ಎನ್ನುತ್ತಾರೆ. ‘ಆಕೀಗೆ ಕಥಿ ಆಗುವಂಥಾದ್ದು ಏನೂ ಆಗಲಿಲ್ಲ.’